ಗೌಡಮ್ಮನ ಕಣದಲ್ಲಿ ಎಡಸುತ್ತು

"ಲಾಯದ ಹಿಂದೆ ಒಂದು ಸವಾರಿ ಬಯಲು ಮಾಡಿಸಬೇಕು" ಅಂತ ನಾನು ಬಾಯಿ ಬಿಟ್ಟು ಕೇಳಿದ್ದಕ್ಕೆ, ಗುತ್ತಲಿನ ಗೌಡಮ್ಮ ನನ್ನನ್ನು ರುಮಾಲಿನಿಂದ ಬೂಟಿನ ತನಕ ಒಂದು ಸಲ ನೋಡಿದರು. ಅವರ ಕೈಯಲ್ಲಿ ಬೇಯಿಸಿದ ಹುರುಳಿಯ ಬಾಂಡಲಿ ಇತ್ತು. ಅದನ್ನು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಅಯ್ನೋರೇ, ಈ ಲಾಯದಾಗೆ ನಾಕೈದು ಕುದ್ರೆ ಅವೆ. ಉಲ್ಲು ಕೇಳ್ತವೆ, ಉಳ್ಳಿ ಕೇಳ್ತವೆ, ನೀರು ಕೇಳ್ತವೆ. ಬಯಲು ಬೇಕು ಅಂತ ಇದುವರ್ಗೂ ಒಂದ್ ಕುದ್ರೆನೂ ಕೇಳ್ನಿಲ್ಲ. ನೀವೇ ಮೊದ್ಲು ಕಣ್ರಪ್ಪ ಕೇಳ್ತಿರೋದು."

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬಿರದ ಎಳೇ ಅಮಲ್ದಾರ ನಾನು. ಇನ್ನೂ ಖಾಯಂ ಆಗಿರಲಿಲ್ಲ, ಆದರೂ ಸಿಟ್ಟು ಮಾತ್ರ ಖಾಯಂ ಆಗಿತ್ತು.

ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ರೆವಿನ್ಯೂ ಇಲಾಖೆಯಲ್ಲಿ ನೌಕರಿ ಗಟ್ಟಿಯಾಗಬೇಕಾದರೆ ಕಾನೂನು ಗೊತ್ತಿದ್ದರೆ ಸಾಲದು, ಕುದುರೆ ಸವಾರಿಯಲ್ಲೂ ಪಾಸಾಗಬೇಕಿತ್ತು. ಮಳೆಗಾಲದಲ್ಲಿ ಗಾಡಿಯ ಚಕ್ರ ಹೂತುಹೋಗುವ ಹಳ್ಳಿಗಳಿಗೆ ಕುದುರೆ ಬಿಟ್ಟರೆ ಗತಿಯಿಲ್ಲ ಅನ್ನೋದು ಸರ್ಕಾರದ ಲೆಕ್ಕಾಚಾರ. ನಮ್ಮದೋ ಪಂಚಾಂಗದ ಮನೆ. ನಮ್ಮಪ್ಪ, ಅವರಪ್ಪ, ಅವರ ಅಪ್ಪ ಎಲ್ಲರೂ ಕೂತೇ ಜೀವನ ಮಾಡಿದವರು, ಆದರೆ ಮಣೆಯ ಮೇಲೆ. ಕುದುರೆಯ ಮೇಲೆ ಕೂತವರು ನಮ್ಮ ವಂಶದಲ್ಲಿ ಒಬ್ಬರೂ ಇರಲಿಲ್ಲ.

ಇದರ ಜೊತೆಗೆ ಮದುವೆ ಬೇರೆ. ಮಳವಳ್ಳಿಯಲ್ಲಿ ಒಬ್ಬರು ಮೇಷ್ಟರ ಮಗಳನ್ನು ನೋಡಿ ಬಂದಿದ್ದೆ. ನೋಡಿ ಬಂದಿದ್ದೆ ಅಂದರೆ, ಉಪ್ಪಿಟ್ಟಿನ ತಟ್ಟೆ ಇಟ್ಟು ಹೋಗುವಾಗ ಆಕೆ ತನ್ನ ತಾಯಿಯ ಕಿವಿಯಲ್ಲಿ, ನನಗೂ ಕೇಳಿಸುವ ಹಾಗೆ, "ಇವರು ಕುದುರೆ ಹತ್ತುತ್ತಾರಂತಾ?" ಅಂತ ಕೇಳಿ ಸೆರಗು ಬಾಯಿಗಿಟ್ಟುಕೊಂಡು ಓಡಿಹೋಗಿದ್ದಳು. ಅಷ್ಟೇ ನೋಡಿದ್ದು. ಅಷ್ಟಕ್ಕೇ ನಾನು ಮುಗಿದುಹೋದೆ. ಆದರೆ ಮೇಷ್ಟರು ಗಟ್ಟಿ ಕುಳ. "ಜಾತಕ ಕೂಡಿದೆ, ಸಂತೋಷ. ನೌಕರಿ ಖಾಯಂ ಆಗಲಿ, ಮಾಘದಲ್ಲಿ ಲಗ್ನ ಇಟ್ಟುಕೊಳ್ಳೋಣ. ಆಗದಿದ್ದರೆ ನನ್ನ ಹತ್ತಿರ ಇನ್ನೊಂದು ಜಾತಕ ಇದೆ" ಅಂದುಬಿಟ್ಟರು. ಆ ಇನ್ನೊಂದು ಜಾತಕದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆಗ ಅವನನ್ನು ನಾನು ದಿನಾ ಬೆಳಿಗ್ಗೆ ಎದ್ದ ಕೂಡಲೇ ಬೈಯುತ್ತಿದ್ದೆ.

ಒಟ್ಟಿನಲ್ಲಿ ಕುದುರೆ ಒಲಿದರೆ ನೌಕರಿ, ನೌಕರಿ ನಿಂತರೆ ಹುಡುಗಿ. ಇದು ಇದ್ದ ಪರಿಸ್ಥಿತಿ.

ಕುದುರೆಯನ್ನೇನೋ ಕೊಂಡಿದ್ದೆ. ಮದ್ದೂರಿನಲ್ಲಿ ಸ್ಟೇಷನ್ನಿಗೂ ಪೇಟೆಗೂ ಜಟಕಾ ಎಳೆದು ಎಳೆದು ಬೇಸತ್ತ ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಮಾರಿದ ಸಾಬಿ, "ಮಗು ಥರಾ ಸ್ವಾಮಿ, ಹಸು ಥರಾ" ಅಂದಿದ್ದ. ಸುಳ್ಳು ಹೇಳಿರಲಿಲ್ಲ. ಹಸುವಿನ ಥರವೇ ನಿಂತುಬಿಡುತ್ತಿತ್ತು. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಗಿರಾಕಿ ಸಿಕ್ಕಿತು ಅಂತ ಗಕ್ಕನೆ ನಿಲ್ಲೋದು. ನಮಸ್ಕಾರ ಮಾಡೋಕೆ ಕೈ ಎತ್ತಿದರೂ ನಿಲ್ಲೋದು. ಅಧಿಕಾರಿ ಬಂದ ಅಂತ ಹಳ್ಳಿಯ ದಾರಿಯಲ್ಲಿ ಹತ್ತು ಜನ ಕೈ ಮುಗಿದರೆ ಅದು ಹತ್ತು ಸಲ ನಿಂತು, ನಾನು ಅದರ ಕತ್ತಿನ ಮೇಲೆ ಹತ್ತು ಸಲ ಮುಗ್ಗರಿಸಬೇಕು. ರಸ್ತೆ ಬೇಡ ಅಂತ ಕಾಲುವೆ ಏರಿಯ ಮೇಲೆ ಹೋದೆ. ಅಲ್ಲಿ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಯ ಕೆಸರು. ಎರಡಕ್ಕೂ ಬಿದ್ದು ನೋಡಿದ್ದೇನೆ, ಕೆಸರೇ ವಾಸಿ. ಸಂತೆ ಮಾಳಕ್ಕೆ ಹೋದರೆ ನನ್ನ ಸವಾರಿ ನೋಡೋಕೆ ಸಂತೆಗಿಂತ ಹೆಚ್ಚು ಜನ ಸೇರಿದರು. ಅದಕ್ಕೇ ನಾಲ್ಕು ಕಡೆ ಬೇಲಿ ಇರೋ ಒಂದು ಬಯಲು ನನಗೆ ಬೇಕಾಗಿತ್ತು.

ಗೌಡಮ್ಮನ ಲಾಯ ದೊಡ್ಡದೇನಲ್ಲ. ತೆಂಗಿನ ಗರಿ ಹೊದಿಸಿದ ಒಂದು ಉದ್ದನೆಯ ಕೊಟ್ಟಿಗೆ. ಡಾಕ್ಟರ ಟಟ್ಟು, ಓವರ್‌ಸಿಯರ ಕುದುರೆ, ಎರಡು ಜಟಕಾ ಕುದುರೆ, ನನ್ನದು. ಅವರ ಯಜಮಾನರು ನೀರುಗಂಟಿ. ಕಾಲುವೆ ನೀರು ಯಾರ ಗದ್ದೆಗೆ ಯಾವಾಗ ಅಂತ ಬಿಡುತ್ತಾ ಮನೆ ಮರೆತವರು. ಲಾಯ, ಗದ್ದೆ, ಮನೆ ಎಲ್ಲಾ ಈಯಮ್ಮನದೇ ಆಡಳಿತ. ಲಾಯದ ಹಿಂದೆ ಇದ್ದ ಒಂದು ತುಂಡು ನೆಲದ ಮೇಲೆ ನನ್ನ ಕಣ್ಣಿತ್ತು. ಅದರ ಮೇಲೆ ಗೌಡಮ್ಮನ ಕಣ್ಣೂ ಇತ್ತು. ಅವರ ಮನೆಯ ಭತ್ತದ ಕಣ ಅದು. ಮಳೆಗಾಲದಲ್ಲಿ ಹುಲ್ಲು ಬೆಳೆದಿರುತ್ತಿತ್ತು, ಕುಯ್ಲು ಹತ್ತಿರ ಬಂದ ಹಾಗೆ ಕೆತ್ತಿ, ನೀರು ಚಿಮುಕಿಸಿ, ದನ ತುಳಿಸಿ ಗಟ್ಟಿ ಮಾಡಬೇಕು.

ನಾನು ಒಂದು ವಾರ ಮುಖ ದಪ್ಪ ಮಾಡಿಕೊಂಡು ಓಡಾಡಿದೆ. ಗೌಡಮ್ಮ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರೇ ಕರೆದರು.

"ಅಯ್ನೋರೇ, ನಿಮ್ ಕುದ್ರೆ ದಿನಾ ಸುಮ್ಕೆ ಸುತ್ತೋದು ತಾನೆ? ನನ್ ಕಣದಾಗೆ ಸುತ್ಸಿ. ಕಣ ತುಳ್ಸೋಕೆ ಎತ್ತು ಕಟ್ಟೋದು ತಪ್ತದೆ. ನಿಮ್ಗೆ ಸವಾರಿ ಆಯ್ತದೆ, ನನ್ಗೆ ಕಣ ಆಯ್ತದೆ."

ಅಬ್ಬಾ, ಎಂಥಾ ವ್ಯಾಪಾರ! ಸರ್ಕಾರದ ಅಧಿಕಾರಿಯನ್ನು ಎತ್ತಿನ ಬದಲು ಕಟ್ಟಿಕೊಂಡ ಹೆಂಗಸು ಇಡೀ ಸೀಮೆಯಲ್ಲಿ ಇವರೊಬ್ಬರೇ ಇರಬೇಕು. ನಾನು ಖುಷಿಯಿಂದ ಒಪ್ಪಿಕೊಂಡೆ.

ಆದರೆ ಕಣ ಅಂದರೆ ಕಣ. ಅದಕ್ಕೆ ಕಟ್ಟುಪಾಡು ಉಂಟು. ಮೊದಲನೇದು, ಕಣದಲ್ಲಿ ಜೋಡು ಮೆಟ್ಟುವ ಹಾಗಿಲ್ಲ. ನನ್ನ ಹೊಸ ಬೂಟನ್ನು ಬೇಲಿಯ ಹೊರಗೆ ಕಳಚಿಸಿದರು. ಮೈಸೂರಿನಲ್ಲಿ ಹೊಲಿಸಿದ ಬ್ರೀಚಸ್ಸು ಹಾಕಿಕೊಂಡು ಬರಿಗಾಲಲ್ಲಿ ಕುದುರೆ ಹತ್ತಿದೆ.

"ಕುದುರೆ ಕಾಲಲ್ಲಿ ಲಾಳ ಇದೆಯಲ್ಲಾ ಗೌಡಮ್ಮನವರೇ, ಅದೂ ಜೋಡು ತಾನೆ?" ಅಂದೆ, ಸ್ವಲ್ಪ ಕೆಣಕೋಣ ಅಂತ.

ಅವರು ಒಂದು ಗಳಿಗೆ ಯೋಚನೆ ಮಾಡಿದರು. "ಅದು ಉಗುರ್ ಕಣೇಳಿ. ಮೊಳೆ ಒಡ್ದು ಕೂರ್ಸವ್ರೆ, ಬಿಚ್ಚಕ್ಕಾಯ್ತದಾ? ಬಿಚ್ಚಕ್ಕಾಗ್ದಿದ್ದು ಜೋಡಲ್ಲ" ಅಂತ ತೀರ್ಪು ಕೊಟ್ಟರು. ಯಾವ ಹೈಕೋರ್ಟು ಇದಕ್ಕಿಂತ ಚೆನ್ನಾಗಿ ಹೇಳೀತು?

ಎರಡನೇ ಕಟ್ಟುಪಾಡು, ಬಲಸುತ್ತೇ ಸುತ್ತಬೇಕು. ಕಣದಲ್ಲಿ ಎತ್ತು ಬಲಕ್ಕೇ ಸುತ್ತೋದು, ಎಡಸುತ್ತು ಏನಿದ್ದರೂ ಸುಡುಗಾಡಿನಲ್ಲಿ. ಇದನ್ನು ಅವರು ನನಗೆ ಹೇಳಿಕೊಡಬೇಕಾಗೇ ಇರಲಿಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಹಾಕಿ ಬೆಳೆದ ಕಾಲು ನಂದು, ಎಡಕ್ಕೆ ಸುತ್ತೋದು ಅಂದರೆ ಎದೆ ಝಲ್ಲನ್ನೋದು. ಹಾಗಾಗಿ ಇಬ್ಬರೂ ಒಮ್ಮನಸ್ಸಿನಿಂದ, ದೈವಭಕ್ತಿಯಿಂದ, ಆ ಕುದುರೆಗೆ ಬಲಕ್ಕೆ ತಿರುಗೋದೊಂದನ್ನೇ ಕಲಿಸಿದೆವು. ನಮ್ಮ ಜಾಣತನ ನೋಡಿ!

ಏನೇ ಹೇಳಿ, ಸವಾರಿ ಕೂತಿತು. ಬೆಳಗಿನ ಹೊತ್ತು ಇಬ್ಬನಿ ಬಿದ್ದ ಕಣದಲ್ಲಿ ಮೊದಲು ನಡಿಗೆ, ಆಮೇಲೆ ದುಡುಕಿ ಓಟ, ಆಮೇಲೆ ನಾಗಾಲೋಟ. ಬೀಳೋದು ಕಮ್ಮಿಯಾಯಿತು. ಗೌಡಮ್ಮ ಬೇಲಿಯ ಮೇಲೆ ಕೈ ಊರಿಕೊಂಡು, "ಬೆನ್ನು ನೆಟ್ಗೆ! ಸಿವ್ನೇ, ಅಸಿಟ್ಟಿನ ಮೂಟೆ ಕೂತಂಗೆ ಕೂತವ್ರೆ!" ಅಂತ ಕೂಗೋರು. ಕಣವೂ ಗಟ್ಟಿಯಾಯಿತು. ನಾನು ಮಳವಳ್ಳಿಗೆ, ಮಾಘದ ಲಗ್ನ ನೋಡಿಸಬಹುದು ಅಂತ ಹೇಳಿ ಕಳಿಸಿಯೂ ಬಿಟ್ಟೆ.

ಪರೀಕ್ಷೆ ತೆಗೆದುಕೊಳ್ಳೋಕೆ ಬಂದವರು ಮೈಸೂರಿನ ಕುದುರೆ ಪಡೆಯ ಒಬ್ಬರು ರಿಸಾಲ್ದಾರರು. ಮೀಸೆ ಅಂದರೆ ಅದು ಮೀಸೆ. ಪ್ರವಾಸಿ ಬಂಗಲೆಯ ಮುಂದಿನ ಬಯಲಿನಲ್ಲಿ ನಿಂತು, "ನಡೆಸಿ. ಓಡಿಸಿ. ಬಲಕ್ಕೆ" ಅಂದರು. ನಾನೂ ನನ್ನ ಕುದುರೆಯೂ ಏನು ಚಂದ ಹೋದೆವು! ರಿಸಾಲ್ದಾರರ ಮೀಸೆಯೂ ಒಂದಿಷ್ಟು ಮೇಲೆದ್ದಿತು. ಆಮೇಲೆ ಅಂದರು, "ಈಗ ಎಡಕ್ಕೆ."

ನಾನು ಎಡಗಡೆಯ ಲಗಾಮು ಎಳೆದೆ. ಕುದುರೆ ಕತ್ತನ್ನು ಎಡಕ್ಕೆ ತಿರುಗಿಸಿ, ಏನಪ್ಪಾ ಇದು ಅಂತ ನನ್ನ ಮೊಣಕಾಲನ್ನು ನೋಡಿ, ಮೈಯನ್ನೆಲ್ಲಾ ಬಲಕ್ಕೇ ಒಯ್ದಿತು. ಇನ್ನೊಂದು ಸಲ ಎಳೆದೆ. ಬಲಕ್ಕೇ ಮುಕ್ಕಾಲು ಸುತ್ತು ಸುತ್ತಿ ಎಡದಿಕ್ಕಿಗೆ ಮುಖ ಮಾಡಿ ನಿಂತಿತು. ಹೋಗಿ ಸೇರಬೇಕಾದ ಕಡೆಗೆ ಸೇರಿತಲ್ಲಾ ಅಂತ ನಾನು ರಿಸಾಲ್ದಾರರ ಮುಖ ನೋಡಿದೆ.

"ಇದು ಕುದುರೆಯೋ, ಗಾಣದ ಎತ್ತೋ?" ಅಂದರು. "ಸಂಕ್ರಾಂತಿಯ ಹಿಂದಿನ ವಾರ ಮತ್ತೆ ಈ ಕಡೆ ಬರುತ್ತೇನೆ. ಎಡಕ್ಕೆ ತಿರುಗಿದರೆ ಪಾಸು. ಇಲ್ಲವಾದರೆ ನಿಮಗೆ ಬೇರೆ ನೌಕರಿ ನೋಡಿಕೊಳ್ಳಿ ಅಂತ ಬರೆಯುತ್ತೇನೆ."

ಲಾಯಕ್ಕೆ ಬಂದವನೇ ಹುಲ್ಲಿನ ಮೆದೆಗೆ ಒರಗಿ ಕೂತೆ. ಅಳು ಬಂತು, ಯಾಕೆ ಸುಳ್ಳು ಹೇಳಲಿ. ಆ ಉಪ್ಪಿಟ್ಟಿನ ತಟ್ಟೆ, ಆ ಸೆರಗು, ಎಲ್ಲಾ ಕಣ್ಣ ಮುಂದೆ ಬಂದು ಹೋಯಿತು. ಮೇಷ್ಟರ ಕೈಯಲ್ಲಿ ಇನ್ನೊಂದು ಜಾತಕ ಇದೆಯಲ್ಲಾ. ಗೌಡಮ್ಮ ಬಂದು ಏನಾಯಿತು ಅಂತ ಕೇಳಿದರು. ಹೇಳಿದೆ. ಹುಡುಗಿಯ ವಿಷಯವನ್ನೂ ಹೇಳಿದೆ. ಅಲ್ಲಿಯ ತನಕ ಅವರಿಗೆ ಅದು ಗೊತ್ತಿರಲಿಲ್ಲ.

"ಇಷ್ಟು ದಿನ ಯಾಕ್ರಪ್ಪಾ ಯೋಳ್ನಿಲ್ಲ?" ಅಂತ ಗದರಿದರು. ಆಮೇಲೆ ಕಣದ ಕಡೆ ತಿರುಗಿ ನೋಡಿದರು.

ಆ ನೋಟಕ್ಕೆ ಕಾರಣ ಇತ್ತು. ಅಷ್ಟು ಹೊತ್ತಿಗೆ ಕಣ ಪೂರ್ತಿಯಾಗಿತ್ತು. ಸಗಣಿ ಬಗ್ಗಡ ಹಾಕಿ ಸಾರಿಸಿ, ನಡುವೆ ಎತ್ತು ಸುತ್ತೋ ಮೇಟಿ ಕಂಬ ನೆಟ್ಟು, ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ಪೂಜೆ ಮಾಡಿದ್ದರು. ಗದ್ದೆಯಲ್ಲಿ ಕುಯ್ಲು ನಡೆದಿತ್ತು, ಇನ್ನೇನು ಹುಲ್ಲು ಸಮೇತ ಭತ್ತ ಬಂದು ಬೀಳಬೇಕು. ಪೂಜೆಯಾದ ಕಣದಲ್ಲಿ ಎಡಸುತ್ತು ಸುತ್ತಿ ಅಂತ ಅವರ ಬಾಯಲ್ಲಿ ಬರೋದಿಲ್ಲ, ಸುತ್ತುತ್ತೇನೆ ಅಂತ ನನ್ನ ಬಾಯಲ್ಲೂ ಬರೋದಿಲ್ಲ. ಬೇರೆ ಕಡೆ ಪ್ರಯತ್ನ ಮಾಡಿದೆ. ಸಂತೆ ಮಾಳದಲ್ಲಿ ಎಡಕ್ಕೆ ಎಳೆದರೆ ಕುದುರೆ ಬಲಕ್ಕೆ ತಿರುಗಿ ಸೀದಾ ಲಾಯಕ್ಕೆ ಬಂದು ನಿಂತಿತು. ವಿದ್ಯೆ ಕಲಿತದ್ದು ಇಲ್ಲಿ ತಾನೆ, ಹೊಸ ಪಾಠವೂ ಇಲ್ಲೇ ಆಗಬೇಕು ಅಂತ ಅದರ ಹಟ.

ಎರಡು ದಿನ ಬಿಟ್ಟು ಬೆಳಿಗ್ಗೆ ಹೋದಾಗ ಗೌಡಮ್ಮ ಕಣದ ನಡುವೆ ನಿಂತಿದ್ದರು. ಸ್ನಾನ ಮಾಡಿ ತಲೆ ಕೂದಲು ಹಾಗೇ ಬಿಟ್ಟಿದ್ದರು. ಮೇಟಿಗೆ ಕೈ ಮುಗಿದು ಬಾಯೊಳಗೇ ಏನೋ ಹೇಳಿಕೊಂಡರು. ಆಮೇಲೆ ಗುದ್ದಲಿ ತೆಗೆದುಕೊಂಡು ಕಂಬದ ಬುಡ ಅಗೆಯೋಕೆ ಶುರುಮಾಡಿದರು.

ನಾನು ಬೇಲಿ ಹಾರಿ ಓಡಿದೆ. "ಏನು ಮಾಡ್ತಿದೀರಿ ಗೌಡಮ್ಮನವರೇ! ಬೇಡ, ಬೇಡ!"

"ಸುಮ್ಕಿರಿ ಅಯ್ನೋರೇ. ಮೊದ್ಲು ಬೂಟ್ ಬಿಚ್ಚಿ" ಅಂದರು. ಆಮೇಲೆ ತಾವೇ ಒಂದು ಗಳಿಗೆ ತಡೆದು, "ಬುಡಿ, ಇನ್ನೇನು ಬಿಚ್ಚೋದು. ಮೇಟಿ ಇದ್ರೆ ಕಣ. ಮೇಟಿ ಕಿತ್ರೆ ಬರೀ ನೆಲ. ನೆಲಕ್ಕೆ ಎಡ ಯಾವ್ದು, ಬಲ ಯಾವ್ದು?" ಅಂದರು.

"ಭತ್ತ ಎಲ್ಲಿ ತುಳಿಸ್ತೀರಿ?"

ಅವರು ಮತ್ತೆ ಗುದ್ದಲಿ ಎತ್ತಿದರು. ನನಗೆ ಗೊತ್ತಿತ್ತು. ಪಕ್ಕದ ಕಣ ಅವರ ವಾರಗಿತ್ತಿಯದು. ಮನೆ ಪಾಲಾದ ಮೇಲೆ ಅವರಿಬ್ಬರೂ ಒಂದೇ ಬಾವಿಗೆ ಹೋದರೂ ಮಾತಾಡುತ್ತಿರಲಿಲ್ಲ, ಒಬ್ಬರ ಕೊಡ ತುಂಬುವ ತನಕ ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲೋರು. ತನ್ನ ಕಣದಲ್ಲಿ ತನ್ನ ರಾಶಿ ಮಾಡಿ ಬದುಕಿದ ಹೆಂಗಸು ಗೌಡಮ್ಮ. ಆ ದಿನ ಸಾಯಂಕಾಲ ಅವರು ಸೆರಗು ಹೊದ್ದುಕೊಂಡು ಆ ಮನೆಯ ಬಾಗಿಲಿಗೆ ಹೋಗಿ ನಿಂತದ್ದನ್ನು ನಾನು ಲಾಯದಿಂದ ನೋಡಿದೆ. ಬಹಳ ಹೊತ್ತು ನಿಂತಿದ್ದರು. ಆಮೇಲೆ ಬಾಗಿಲು ತೆರೆಯಿತು. ಒಳಗೆ ಏನು ಮಾತಾಯಿತೋ ದೇವರೇ ಬಲ್ಲ.

ಮಾರನೆಯ ದಿನ ಸಾರಿಸಿದ ನೆಲವನ್ನೆಲ್ಲಾ ಅಗೆದು ಸಡಿಲ ಮಾಡಿದೆವು. ನಾನೂ ಬ್ರೀಚಸ್ಸು ಮಡಿಸಿ ಗುದ್ದಲಿ ಹಿಡಿದೆ. ಗೌಡಮ್ಮ ನನ್ನ ಗುದ್ದಲಿ ಏಟು ನೋಡಿ, "ನೆಲಕ್ಕೆ ನೋಯ್ತದೆ ಅಂತ ಮೆಲ್ಲಗೆ ಒಡೀತಿದೀರಾ?" ಅಂದರು. ಈ ಅಗೆದ ಮಣ್ಣಿನಿಂದ ಒಂದು ಅನುಕೂಲ ಆಯಿತು. ಗಟ್ಟಿ ಕಣದ ಮೇಲೆ ಬಿದ್ದರೆ ಮೂಳೆ ಎಣಿಸಿಕೊಂಡು ಏಳಬೇಕಿತ್ತು, ಈ ಮಣ್ಣಿನಲ್ಲಿ ಹಾಸಿಗೆಯ ಮೇಲೆ ಬಿದ್ದ ಹಾಗೆ. ಕುದುರೆಯ ಕಾಲಿಗೂ ಹಿತವಾಗಿರಬೇಕು, ಹೆಜ್ಜೆ ಹಗುರವಾಯಿತು.

ಆದರೂ ಎಡಕ್ಕೆ ಮಾತ್ರ ತಿರುಗಲೊಲ್ಲದು. ಲಗಾಮು ಎಳೆದೆ, ಬೇಡಿಕೊಂಡೆ, ಬೈದೆ. ಗೌಡಮ್ಮ ಕಾದೂ ಕಾದೂ ಬೇಲಿ ದಾಟಿ ಬಂದರು. ಕುದುರೆಯ ಕಡಿವಾಣಕ್ಕೆ ಕೈ ಹಾಕಿ, "ಬಾರೇ ನನ್ನವ್ವ. ನಾನೇ ಬತ್ತೀನಿ, ನಿಂಗೇನೇ ಭಯ?" ಅಂತ ತಾವೇ ಮುಂದೆ ನಡೆದರು. ಎಡಕ್ಕೆ. ಬರಿಗಾಲಲ್ಲಿ, ತಾವೇ ಸಾರಿಸಿ ತಾವೇ ಅಗೆದ ನೆಲದ ಮೇಲೆ, ಎಡಸುತ್ತು. ಅವರ ತುಟಿ ಅಲ್ಲಾಡುತ್ತಿತ್ತು, ಯಾವ ದೇವರಿಗೆ ತಪ್ಪುಕಾಣಿಕೆ ಹೇಳಿಕೊಳ್ಳುತ್ತಿದ್ದರೋ. ಮೇಲೆ ಕೂತ ನಾನೂ ಗೋವಿಂದ ಗೋವಿಂದ ಅನ್ನುತ್ತಿದ್ದೆ. ಕುದುರೆಯೊಂದೇ ಯಾವ ದೇವರನ್ನೂ ನೆನೆಯದೆ ಅವರ ಸೆರಗಿನ ಹಿಂದೆ ಹಿಂದೆ ಹೋಯಿತು. ದಿನವೂ ಹಾಗೇ ನಡೆಸಿದರು. ಒಂದು ದಿನ ಅವರು ಕಡಿವಾಣ ಬಿಟ್ಟು ಪಕ್ಕಕ್ಕೆ ಸರಿದರು, ಕುದುರೆ ಮಾತ್ರ ಎಡಕ್ಕೇ ಹೋಗುತ್ತಿತ್ತು. ನಾನು ಕೂಗಿದ ಕೂಗಿಗೆ ಡಾಕ್ಟರ ಟಟ್ಟು ಗೂಟ ಕಿತ್ತುಕೊಂಡಿತು.

ರಿಸಾಲ್ದಾರರು ಹೇಳಿದ ವಾರಕ್ಕೆ ಬಂದರು. ಈ ಸಲ ಬಲದ ಸುದ್ದಿಯೇ ಇಲ್ಲ, ಬಂದವರೇ "ಎಡಕ್ಕೆ" ಅಂದರು. ಹೋದೆವು. ಒಂದು ಸುತ್ತು, ಇನ್ನೊಂದು, ಮತ್ತೊಂದು. ಸಾಕು ಅಂತ ರಿಸಾಲ್ದಾರರು ಕೈ ಎತ್ತಿದರು. ಅಷ್ಟೇ! ಓಡುತ್ತಿದ್ದ ಕುದುರೆ, ಮದ್ದೂರು ಸ್ಟೇಷನ್ನಿನಲ್ಲಿ ಗಿರಾಕಿ ಕಂಡ ಹಾಗೆ, ನಿಂತಲ್ಲೇ ನಿಂತಿತು. ದೇವರ ದಯೆಯಿಂದ ನಾನೂ ಅದರ ಮೇಲೇ ಇದ್ದೆ.

ರಿಸಾಲ್ದಾರರು ಹತ್ತಿರ ಬಂದು ಕುದುರೆಯ ಕತ್ತು ಸವರಿದರು. "ಲಗಾಮು ಮುಟ್ಟದೆ ನಿಲ್ಲಿಸಿದಿರಲ್ಲಾ! ಪಲ್ಟನ್ನಿನಲ್ಲೂ ಹೀಗೆ ನಿಲ್ಲಿಸಿದ್ದನ್ನು ನಾನು ನೋಡಿಲ್ಲ. ಯಾರು ಕಲಿಸಿದರು?" ಅಂದರು. ನಾನು ಜಟಕಾದ ಸುದ್ದಿ ಎತ್ತಲಿಲ್ಲ.

ಓಡಿ ಬಂದು ಹೇಳೋಣ ಅಂದರೆ ಗೌಡಮ್ಮ ಲಾಯದಲ್ಲಿರಲಿಲ್ಲ. ವಾರಗಿತ್ತಿಯ ಕಣದಲ್ಲಿದ್ದರು. ಆಕೆಯ ಭತ್ತ ಎಲ್ಲಾ ಮುಗಿದ ಮೇಲೆ ಇವರ ಸರದಿ, ಕಾದು ಕೂತಿದ್ದರು. ನಾನು ಬೇಲಿಯಾಚೆಯಿಂದಲೇ "ಪಾಸು!" ಅಂತ ಕೂಗಿದೆ. ಅವರು ಏಳಲಿಲ್ಲ. ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡು, ಪಕ್ಕದಲ್ಲಿ ಕೂತ ವಾರಗಿತ್ತಿಗೆ, "ಕೇಳುಸ್ತೇನಮ್ಮಿ? ನಮ್ಮುಡ್ಗ ಪಾಸಂತೆ" ಅಂದರು. ಅಯ್ನೋರು ಹೋಗಿ ಹುಡುಗ ಆಗಿದ್ದೆ ನಾನು.

ಮಾಘದಲ್ಲಿ ಮಳವಳ್ಳಿಯಲ್ಲಿ ಮದುವೆ. ವಾರಗಿತ್ತಿಯರಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಬುಟ್ಟಿಯಲ್ಲಿ ಹೊಸ ಅಕ್ಕಿ ತೆಗೆದುಕೊಂಡು ಬಂದಿಳಿದರು. ಬುಟ್ಟಿಯನ್ನು ಯಾರು ಹೊರಬೇಕು ಅಂತ ಬಾಗಿಲಲ್ಲೇ ಅವರಿಗೆ ಜಗಳ. ಚಪ್ಪರದ ಕೊನೆಯಲ್ಲಿ ಕಂಬಕ್ಕೊರಗಿ ಕೂತರು. ನಮ್ಮ ಕಡೆಯ ಮಡಿಯ ಹೆಂಗಸರು ತಿರುತಿರುಗಿ ನೋಡಿದರೂ ಕ್ಯಾರೇ ಅನ್ನಲಿಲ್ಲ.

ಹೋಮ ಆಯಿತು. ಹುಡುಗಿಯ ಕೈ ಹಿಡಿದುಕೊಂಡು ಅಗ್ನಿಯನ್ನು ಸುತ್ತಿ ಬನ್ನಿ ಅಂದರು ಪುರೋಹಿತರು. ನಾನು ಎದ್ದೆ. ಹೊಗೆ, ಓಲಗ, ಹುಡುಗಿಯ ಕೈಯ ಬಿಸಿ. ಎಲ್ಲಾ ಸೇರಿ ತಲೆ ಧಿಮ್ ಅಂತಿತ್ತು. ವಾರಗಟ್ಟಲೆ ಎಡಕ್ಕೆ ಸುತ್ತಿ ಸುತ್ತಿ ಅಭ್ಯಾಸವಾದ ಕಾಲು ತನ್ನಷ್ಟಕ್ಕೆ ತಾನು ಎಡಕ್ಕೆ ಹೊರಟಿತು.

ಚಪ್ಪರದ ಕೊನೆಯಿಂದ ಒಂದು ಕೂಗು ಬಂತು. ಓಲಗವೇ ನಿಂತುಹೋಯಿತು.

"ಬಲಕ್ಕೆ ಕಣೋ ನನ್ನಪ್ಪಾ! ಬಲಕ್ಕೆ! ಎಡಸುತ್ತನ್ನೆಲ್ಲಾ ನಾನು ಸುತ್ತಾಯ್ತು, ನೀನು ಬಲಕ್ಕೋಗು!"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮೇಷ್ಟರೂ ನಕ್ಕರು. ನನ್ನ ಪಕ್ಕದಲ್ಲಿದ್ದವಳು ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ಮಾತ್ರ ಹೊಗೆ ಕಣ್ಣಿಗೆ ಹೋಯಿತು. ಮುಂದೆ ಏನೂ ಕಾಣಿಸಲಿಲ್ಲ. ಕೈ ಹಿಡಿದವಳೇ ಮೆಲ್ಲಗೆ ಬಲಕ್ಕೆ ಎಳೆದುಕೊಂಡು ಹೋದಳು, ನಾನು ಹಿಂದೆ ಹಿಂದೆ ಹೋದೆ.